ಹದಿನೇಳನೇ ನಂಬರಿನ ಕಾರ್ಡು

ಕಂಪನಿ ಬಸ್ಸಿನಲ್ಲಿ ಕೂತು ಬೇರೆಯವರ ಮಕ್ಕಳ ಹಣೆಬರಹ ಬರೆಯುವ ಗಂಡಸರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನನ್ನದನ್ನೂ ಅವರೇ ಬರೆದರು, ಹಲಸೂರಿನಿಂದ ಕೆ.ಆರ್. ಪುರಂ ಮುಟ್ಟುವಷ್ಟರಲ್ಲಿ.

ತೊಂಬತ್ತರ ದಶಕದ ಕೊನೆ. ಬಿ.ಕಾಂ. ಮುಗಿಸಿ ಎಂಬಿಎ ಪ್ರವೇಶ ಪರೀಕ್ಷೆ ಬರೆದಿದ್ದೆ. ಓದಿದ್ದು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಗ್ರೂಪ್ ಡಿಸ್ಕಷನ್ನಿನಲ್ಲಿ ಬಾಯಿ ತೆರೆಯುವುದಕ್ಕೆಂದೇ ರಿಚರ್ಡ್ಸ್ ಟೌನಿನ ಗೆಳತಿಯ ಮನೆಯಲ್ಲಿ ಎರಡು ತಿಂಗಳು ಅಭ್ಯಾಸ ಮಾಡಿದೆ. ಅವಳೂ ಅದೇ ಪರೀಕ್ಷೆ ಬರೆದವಳು. ನಾನು ಕನ್ನಡಕ್ಕೆ ಜಾರಿದಾಗಲೆಲ್ಲ ಮೇಜು ಕುಟ್ಟುತ್ತಿದ್ದಳು. ಇಂಟರ್‌ವ್ಯೂ ಮುಗಿದ ಮೇಲೆ ಕಾಗದ ಬಂತು. ವೇಟಿಂಗ್ ಲಿಸ್ಟು, ಹದಿನೇಳನೇ ನಂಬರು. ಗೆಳತಿಯದು ಇಪ್ಪತ್ತೆರಡು. ಜೊತೆಗೊಂದು ಕಾರ್ಡಿತ್ತು. ಲಿಸ್ಟಿನಲ್ಲಿ ಉಳಿಯಬೇಕಾದರೆ ನಾನೂ ತಂದೆಯೂ ಸಹಿ ಮಾಡಿ ಹದಿನೈದು ದಿನದೊಳಗೆ ಅದನ್ನು ವಾಪಸು ಕಳಿಸಬೇಕು, ಇಲ್ಲದಿದ್ದರೆ ಹೆಸರು ತೆಗೆಯುತ್ತಾರೆ.

ಸಹಿ ಮಾಡಿ ಅಪ್ಪನ ಕೈಗೆ ಕೊಟ್ಟೆ. ನಮ್ಮ ಮನೆಯ ಕಾಗದಗಳೆಲ್ಲ ಕೆ.ಆರ್. ಪುರಂನಲ್ಲಿದ್ದ ಅಪ್ಪನ ಫ್ಯಾಕ್ಟರಿ ಗೇಟಿನ ಅಂಚೆ ಡಬ್ಬಕ್ಕೇ ಬೀಳುತ್ತಿದ್ದವು. ಅಲ್ಲಿ ಹಾಕಿದರೆ ಬೇಗ ಮುಟ್ಟುತ್ತದೆ ಎಂದು ಅವರ ನಂಬಿಕೆ.

ಸಂಜೆ ಅಪ್ಪ ಬಂದಾಗ ಮುಖ ಸಣ್ಣಗೆ ಮಾಡಿಕೊಂಡಿದ್ದರು. "ಬಸ್ಸಲ್ಲಿ ಎಲ್ಲಾರ್ಗೂ ತೋರಿಸ್ದೆ ಕಣಮ್ಮ. ವೇಟಿಂಗ್ ಲಿಸ್ಟ್ ಅಂದ್ರೆ ಆಗೋ ಮಾತಲ್ಲ ಅಂದ್ರು."

ಆ ಬಸ್ಸಿನವರಿಗೆ ಗೊತ್ತಿದ್ದದ್ದು ಒಂದೇ ವೇಟಿಂಗ್ ಲಿಸ್ಟು, ಫ್ಯಾಕ್ಟರಿ ಕ್ವಾರ್ಟರ್ಸಿನದು. ಅಪ್ಪ ಹನ್ನೊಂದು ವರ್ಷದಿಂದ ಅದರಲ್ಲಿದ್ದರು. ನಾವು ಹಲಸೂರಿನ ಬಾಡಿಗೆ ಮನೆಯಲ್ಲೇ ಇದ್ದೆವು.

"ಯಾರಾದ್ರೂ ರಿಟೈರ್ ಆದ್ರೆ ತಾನೆ ಕ್ವಾರ್ಟರ್ಸ್ ಖಾಲಿ ಆಗೋದು? ಕೈಗೆ ಸಿಕ್ಕಿರೋ ಸೀಟ್‌ನ ಯಾರು ಬಿಡ್ತಾರೆ?"

"ಅವ್ರಿಗೆ ಎರಡು ಮೂರು ಕಡೆ ಸಿಕ್ಕಿರುತ್ತೆ ಅಪ್ಪಾ. ಒಂದು ಇಟ್ಕೊಂಡು ಮಿಕ್ಕಿದ್ದು ಬಿಡ್ಲೇಬೇಕು."

"ಹೂಂ," ಅಂದರು. ವಾರ ಬಿಟ್ಟು ಕಾರ್ಡಿನ ಮಾತೆತ್ತಿದರೆ, "ಅದೆಲ್ಲ ನಾನ್ ನೋಡ್ಕೋತೀನಿ, ನೀನು ತಲೆ ಕೆಡಿಸ್ಕೋಬೇಡ," ಅಂದರು. ನಾನು ನಂಬಿದೆ. ನನ್ನ ದಡ್ಡತನಕ್ಕೆ ಏನು ಹೇಳಲಿ?

ಜೂನ್ ತಿಂಗಳಲ್ಲಿ ಗೆಳತಿ ಸ್ವೀಟು ಹಿಡಿದುಕೊಂಡು ಬಂದಳು. "ನಂಗ್ ಬಂತು ಕಣೇ. ನೀನು ನನಗಿಂತ ಮುಂದೆ ಇದ್ಯಲ್ಲ, ನಿಂಗೆ ಮೊದ್ಲೇ ಬಂದಿರ್ಬೇಕು." ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳು ಹೋದ ಮೇಲೆ ಸ್ವೀಟಿನ ಡಬ್ಬ ಹಾಗೇ ಮೇಜಿನ ಮೇಲಿತ್ತು.

ಅಪ್ಪ ಶಿಫ್ಟ್ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದರು. ಕಾರ್ಡು ಅಂಚೆಗೆ ಹಾಕಿದಿರಾ ಎಂದು ಕೇಳಿದೆ. ಲೇಸು ಎಳೆಯುತ್ತಲೇ ಹೇಳಿದರು.

"ಹಾಕ್ಲಿಲ್ಲ ಕಣಮ್ಮ. ಆಗಲ್ಲ ಅಂತ ಎಲ್ಲಾರೂ ಅಂದ್ರು. ಆಸೆ ಇಟ್ಕೊಂಡು ಕೂತು ಆಮೇಲೆ ಅಳ್ತೀಯಲ್ಲ ಅಂತ."

ಅಳುತ್ತೇನಂತೆ. ಅತ್ತಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಬಸ್ಸಿನಲ್ಲಿದ್ದ ಒಬ್ಬನಾದರೂ ಎಂಬಿಎ ಕಾಲೇಜಿನ ಮೆಟ್ಟಿಲು ಹತ್ತಿದವನೇ? ನಾನೇ ಬೀರು ತೆಗೆದು ಅಪ್ಪನ ಫೈಲು ಎಳೆದೆ. ಕಾರ್ಡು ಮೇಲೇ ಇತ್ತು. ನನ್ನ ಸಹಿಯ ಕೆಳಗೆ ಅಪ್ಪನ ಸಹಿಯೂ ಇತ್ತು.

ಅದರಡಿಯಲ್ಲಿ ಕ್ವಾರ್ಟರ್ಸಿನ ಅರ್ಜಿಗಳ ನಕಲು. ಆ ಲಿಸ್ಟಿನಲ್ಲಿ ಉಳಿಯಲೂ ಪ್ರತಿ ಜನವರಿ ಹೊಸ ಅರ್ಜಿ ಕೊಡಬೇಕಿತ್ತು. ಎಣಿಸಿದೆ. ಹನ್ನೊಂದಿದ್ದವು, ಒಂದು ವರ್ಷವೂ ತಪ್ಪಿರಲಿಲ್ಲ.

"ಇವನ್ನೆಲ್ಲ ಯಾರನ್ನ ಕೇಳಿ ಹಾಕಿದ್ರಿ ಅಪ್ಪಾ?"

ಅಪ್ಪ ಬಿಚ್ಚಿದ ಶೂಗಳನ್ನು ಎತ್ತಿ ಬಾಗಿಲ ಬಳಿ ಜೋಡಿಸಿಟ್ಟರು.

ಮುಂದಿನ ಜನವರಿಯಲ್ಲಿ ಅಪ್ಪ ಹನ್ನೆರಡನೇ ಅರ್ಜಿ ತುಂಬಲು ಕೂತರು. ಸಹಿ ಹಾಕುವಷ್ಟರಲ್ಲಿ ಅವರ ಪೆನ್ನಿನ ಇಂಕು ಮುಗಿದುಹೋಯಿತು. ನನ್ನದನ್ನು ಕೇಳಿದರು. ನಾನು ಕೊಡಲಿಲ್ಲ.