ದೊಡ್ಡಿ ಸೇರಿದ ನಮ್ಮ ಎಮ್ಮೆ

ಬೀಡಾಡಿ ದನ ಹಿಡಿಯುವವರು ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದಲ್ಲಿ ಹುಲಿಯೂರುದುರ್ಗದಿಂದ ತುಮಕೂರಿಗೆ ಸೊಸೆಯಾಗಿ ಬಂದವಳು ನಾನು. ಶೆಟ್ಟಿಹಳ್ಳಿ ಕಡೆ ಆಗ ಮನೆಗಳಿಗಿಂತ ಹೊಲಗಳೇ ಹೆಚ್ಚು. ನಮ್ಮತ್ತೆ ಒಂದು ಎಮ್ಮೆ ಕಟ್ಟಿಕೊಂಡು ಬೀದಿಯ ಮನೆಗಳಿಗೆ ತಿಂಗಳ ಲೆಕ್ಕಕ್ಕೆ ದಿನಾ ವರ್ತನೆ ಹಾಲು ಹಾಕುತ್ತಿದ್ದರು. ಎಮ್ಮೆ ಈದು ಬಹಳ ದಿನವಾಗಿರಲಿಲ್ಲ. ಕರು ಇನ್ನೂ ಹುಲ್ಲಿಗೆ ಬಾಯಿ ಹಾಕದಷ್ಟು ಎಳೆಯದು.

ನಮ್ಮ ಬೀದಿಯಲ್ಲಿ ಯಾರೋ ಹರಕೆಗೆ ಬಿಟ್ಟ ಬಸವ ಒಂದಿತ್ತು. ಕಂಡವರ ಕೈಚೀಲಕ್ಕೆ ಬಾಯಿ ಹಾಕುವುದು, ಗದರಿದರೆ ಕೊಂಬು ಬೀಸುವುದು, ಇದೇ ಅದರ ಕೆಲಸ. ಕೊನೆಗೆ ಒಬ್ಬ ಮುದುಕರನ್ನು ಚರಂಡಿಗೆ ಕೆಡವಿ ಸೊಂಟ ಮುರಿಯಿತು. ಬೀದಿಯವರೆಲ್ಲ ಸೇರಿ ಮುನಿಸಿಪಾಲಿಟಿ ಆಫೀಸಿಗೆ ಹೋಗಿ ದೂರು ಹೇಳಿದರು. ಅತ್ತೆಯೂ ಹೋಗಿದ್ದರು. ಸಾಹೇಬರು ಸಮಾಧಾನವಾಗಿ ಕೇಳಿಸಿಕೊಂಡು, ಆಳು ಕಳಿಸುತ್ತೇವೆ ಎಂದರಂತೆ.

ಕಳಿಸಿದರು ಕೂಡ. ಹಗ್ಗ ಹಿಡಿದು ಬಂದವರು ಬಸವನ ಮುಂದೆ ನಿಂತು ಕೈ ಮುಗಿದರು. ದೇವರಿಗೆ ಬಿಟ್ಟದ್ದನ್ನು ಮುಟ್ಟಿದರೆ ಪಾಪ ಸುತ್ತಿಕೊಳ್ಳುತ್ತದಂತೆ. ಹಾಗೆಂದು ಬರಿಗೈಯಲ್ಲಿ ಹೋಗುವಂತೆಯೂ ಇಲ್ಲವಲ್ಲ! ನಮ್ಮ ಮನೆ ಮುಂದಿನ ಬೇವಿನ ಮರಕ್ಕೆ ಕಟ್ಟಿದ್ದ ಎಮ್ಮೆಯನ್ನು ಬಿಚ್ಚಿಕೊಂಡರು. ಮರ ರಸ್ತೆಯದು, ಹಾಗಾಗಿ ಎಮ್ಮೆ ಬೀಡಾಡಿ. ಕಟ್ಟಿ ಹಾಕಿದ ಎಮ್ಮೆ ಬೀಡಾಡಿ ಹೇಗಾಗುತ್ತದೆ ಎಂದು ನಾನು ಕೇಳಿದ್ದಕ್ಕೆ, ದೊಡ್ಡಿಗೆ ಬಂದು ಮಾತಾಡಿ ಎಂದು ಹೊರಟೇಬಿಟ್ಟರು. ಕರು ಕೊಟ್ಟಿಗೆಯೊಳಗೇ ಉಳಿಯಿತು.

ದೊಡ್ಡಿಯೆಂದರೆ ಹಿಡಿದ ದನಗಳನ್ನು ಕೂಡುವ ಕಲ್ಲುಗೋಡೆಯ ಬಯಲು. ಒಂದು ತೊಟ್ಟಿ, ಒಂದು ಗೇಟು, ಅದಕ್ಕೊಬ್ಬ ಕಾವಲಿನವನು. ದಂಡ ಕಟ್ಟಲು ನಾವು ತಯಾರಾಗಿಯೇ ಹೋಗಿದ್ದೆವು. ಆದರೆ ರಸೀದಿಗೆ ಸಾಹೇಬರೇ ರುಜು ಹಾಕಬೇಕು, ಸಾಹೇಬರು ಕ್ಯಾಂಪಿನಲ್ಲಿದ್ದಾರೆ, ನಾಳೆ ಬನ್ನಿ ಎಂದ. ಗೇಟಿನ ಸಂದಿಯಿಂದ ಇಣುಕಿದೆ. ಊರ ತುಂಬ ಬರಡು ದನಗಳೂ ಹೋರಿಗಳೂ ಅಲೆಯುತ್ತಿದ್ದವು, ಅವುಗಳಲ್ಲಿ ಒಂದೂ ಒಳಗಿರಲಿಲ್ಲ. ಇದ್ದವೆಲ್ಲ ಕೆಚ್ಚಲು ತುಂಬಿದ ಹಸು, ಎಮ್ಮೆಗಳೇ. ನನಗೆ ಅನುಮಾನ ಬಂದದ್ದು ಅಲ್ಲೇ.

ರಾತ್ರಿಯೆಲ್ಲ ಕರು ಅರಚಿತು. ಅತ್ತೆ ಗಂಜಿಯಲ್ಲಿ ಬಟ್ಟೆ ಅದ್ದಿ ಬಾಯಿಗಿಟ್ಟರೆ ಉಗಿಯಿತು. ಕರು ಸತ್ತರೆ ಎಮ್ಮೆಯೂ ಹಾಲು ಬತ್ತಿಸಿಕೊಳ್ಳುತ್ತದೆ ಎಂದು ಅವರಿಗೆ ಒಂದೇ ಸಮನೆ ಸಂಕಟ. ಬೆಳಗ್ಗೆ ದೊಡ್ಡಿಯವನೇ ಹೇಳಿ ಕಳಿಸಿದ: ಕರು ಕರೆತನ್ನಿ, ಪಾಪ, ಹಸಿದಿರುತ್ತದೆ, ಕುಡಿಸಿಕೊಂಡು ಹೋಗಿ. ಅವನಿಗಾದರೂ ಕರುಳಿದೆಯಲ್ಲ ಎಂದು ಅತ್ತೆ ದಾರಿಯುದ್ದಕ್ಕೂ ಅವನ ತಾಯಿಯನ್ನು ಹೊಗಳಿದರು.

ಕರು ಕೆಚ್ಚಲಿಗೆ ಬಾಯಿ ಹಾಕಿತು. ಎಮ್ಮೆ ಸೊರ ಬಿಟ್ಟು ಮೊಲೆಗೆ ಹಾಲು ಇಳಿಸಿದ್ದೇ ತಡ, ಅವನು ಕರುವನ್ನು ಎಳೆದು ಗೂಟಕ್ಕೆ ಕಟ್ಟಿ, ಕ್ಯಾನು ಹಿಡಿದು ಕೂತ! ಆಗ ಅರ್ಥವಾಯಿತು. ಕರು ಬಾಯಿ ಹಾಕದೆ ನಮ್ಮ ಎಮ್ಮೆ ಯಾರಿಗೂ ಒಂದು ತೊಟ್ಟು ಹಾಲು ಕೊಡುತ್ತಿರಲಿಲ್ಲ. ಹಿಂದಿನ ಸಂಜೆ ಅವನು ಹಿಂಡಲು ಹೋಗಿ ಒದೆ ತಿಂದಿರಬೇಕು, ಅದಕ್ಕೇ ಕರುವಿನ ಮೇಲೆ ಅಷ್ಟು ಮರುಕ. ಕೊನೆಯ ಹನಿಯವರೆಗೆ ಹಿಂಡಿಕೊಂಡ. ನಾವು ಕರುವನ್ನು ಬಿಚ್ಚಹೋದರೆ ತಡೆದು, ಗೇಟಿನೊಳಗೆ ಬಂದ ಮೇಲೆ ಅದೂ ದೊಡ್ಡಿಯ ಲೆಕ್ಕವೇ, ಅದಕ್ಕೂ ದಂಡ ಎಂದ. ಇದಕ್ಕೆ ಏನೆನ್ನಬೇಕು? ಹಗಲುದರೋಡೆ ಎನ್ನುವುದೂ ಕಡಿಮೆಯೇ.

ಅತ್ತೆ ಮನೆಗೆ ಹೋಗಲಿಲ್ಲ. ಕರುವಿನ ಪಕ್ಕದಲ್ಲೇ ಸೆರಗು ಹೊದ್ದು ಕೂತರು. ನಾನೂ ಕೂತೆ. ಸಂಜೆ ಅವನು ಕ್ಯಾನು ತೊಳೆಯಲು ತೊಟ್ಟಿಯ ಹತ್ತಿರ ಹೋದಾಗ ಅತ್ತೆ ಎದ್ದು ಕರು ಬಿಚ್ಚಿದರು. ಅವನು ಓಡಿ ಬರುವಷ್ಟರಲ್ಲಿ ಕರು ಕೆಚ್ಚಲಿಗೆ ಅಂಟಿಕೊಂಡಿತ್ತು, ಅತ್ತೆ ಅಡ್ಡ ನಿಂತಿದ್ದರು.

"ಅದ್ರವ್ವನ ಹಾಲು ಅದು ಕುಡೀತೈತೆ. ನಿಂಗೇನ್ಲಾ ಉರಿ?"

ಹೆಂಗಸಿನ ಮೈ ಮುಟ್ಟುವಂತಿಲ್ಲ, ಎಮ್ಮೆಯೂ ಕೊಂಬು ತಗ್ಗಿಸಿತ್ತು. ಅವನು ಖಾಲಿ ಕ್ಯಾನು ಹಿಡಿದು ನಿಂತೇ ಇದ್ದ. ಕರು ನಾಲ್ಕೂ ಮೊಲೆ ಬರಿದು ಮಾಡಿ, ಬಾಯಿಯ ನೊರೆಯನ್ನು ನನ್ನ ಸೀರೆಗೆ ಒರೆಸಿತು. ಆಗ ಅವನು ಅಳುಮೋರೆ ಮಾಡಿಕೊಂಡು, "ಸಾಹೇಬ್ರ ಮನೇಲಿ ನಾನೇನಂತ ಹೇಳ್ಲಿ ಅಮ್ಮ?" ಎಂದ.

ಏನು ಹೇಳಿದನೋ ಕಾಣೆ. ಕ್ಯಾಂಪಿನಲ್ಲಿದ್ದ ಸಾಹೇಬರು ದೀಪ ಹಚ್ಚುವ ಮೊದಲೇ ಊರಿಗೆ ಬಂದುಬಿಟ್ಟಿದ್ದರು. ರಸೀದಿಗೆ ರುಜು ಬಿತ್ತು. ಹಾಲು ಸಿಗದ ಎಮ್ಮೆಗೆ ನೀರು ಕುಡಿಸುವುದು ಯಾರಿಗೆ ಬೇಕಿತ್ತು? ಎಮ್ಮೆ ಮುಂದೆ, ಕರು ಹಿಂದೆ, ಅತ್ತೆ ದಾರಿಯುದ್ದಕ್ಕೂ ಆ ಕಳ್ಳರ ವಂಶವನ್ನೆಲ್ಲ ಜಾಲಾಡಿದರು. ನಾನೂ ದನಿಗೂಡಿಸಿದೆ.

ಬೆಳಗ್ಗೆ ಅತ್ತೆ ಚೊಂಬು ಹಿಡಿದು ಕೂತರು. ವರ್ತನೆ ಮನೆಯವರು ಆಗಲೇ ಪಾತ್ರೆ ಕಳಿಸಿದ್ದರು. ಕರು ಎರಡು ಗುಟುಕು ಎಳೆದು ಎಮ್ಮೆ ಸೊರ ಬಿಟ್ಟ ಕೂಡಲೇ, "ಎಳ್ಕೊಳೇ ಅದನ್ನ" ಎಂದರು. ದಿನಾ ಮಾಡುತ್ತಿದ್ದ ಕೆಲಸವೇ. ಎಳೆದು ಗೂಟಕ್ಕೆ ಕಟ್ಟಿದೆ. ಕರು ಹಗ್ಗ ಜಗ್ಗಿ ಅರಚತೊಡಗಿತು, ಅತ್ತೆ ತಲೆ ಎತ್ತದೆ ಹಿಂಡುತ್ತಿದ್ದರು. ಗಿಣ್ಣಿನ ದಿನಗಳು ಕಳೆದ ಮೇಲೆ ಅದು ಹೊಟ್ಟೆ ತುಂಬ ಹಾಲು ಕುಡಿದದ್ದು ಆ ದೊಡ್ಡಿಯಲ್ಲಿ ಮಾತ್ರ.