ಪದ್ಮಜಾಬಾಯಿಯ ಓರೆ ಸೇತುವೆ

ಬೆರಳುಗಳ ಮೇಲೆ ತೊನ್ನಿನ ಮೊದಲ ಬಿಳಿ ಮಚ್ಚೆ ಕಂಡಾಗ ಪದ್ಮಜಾಳಿಗೆ ಹದಿನಾರು ವರ್ಷ. ಸೇಡಂನ ವೈಷ್ಣವರ ಮನೆ. ತಂದೆ ಶಾಲೆಯ ಮಾಸ್ತರರು. ಮಚ್ಚೆ ಮೊಣಕೈವರೆಗೆ ಏರುವಷ್ಟರಲ್ಲಿ ಬಂದಿದ್ದ ಎರಡು ಸಂಬಂಧಗಳೂ ಹಿಂದೆ ಸರಿದವು. ಮೂರನೆಯದಕ್ಕೆ ತಂದೆ ಕಾಯಲಿಲ್ಲ. "ನೀ ಚಿತ್ರಾ ಛಲೋ ತೆಗೀತಿ. ನಕಾಶೆ ಬರಿಯೋ ಕೆಲಸಾ ಕಲಿ. ನಿನ್ನ ಅನ್ನಾ ನೀ ದುಡ್ಕೊಂಡು ತಿನ್ನು," ಎಂದರು. ಗುಲಬರ್ಗಾದಲ್ಲಿ ಐಟಿಐ ಮುಗಿಸಿದ ಅವಳಿಗೆ ೧೯೯೧ರಲ್ಲಿ, ಚಿತ್ತಾಪುರದಲ್ಲಿ ರಸ್ತೆ, ಸೇತುವೆಗಳ ಕೆಲಸ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ನಕ್ಷೆಗಾರ್ತಿಯ ಕೆಲಸ ಸಿಕ್ಕಿತು.

ಕಚೇರಿಯ ಜನ ಕೆಟ್ಟವರೇನಲ್ಲ. ಆದರೆ ಅವಳ ಕೈಯಿಂದ ನೀರಿನ ಲೋಟ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ವರಾಂಡದ ಪರಸಿಕಲ್ಲಿನ ಮೇಲೆ ಒಟ್ಟಿಗೆ ಕೂತು ಬುತ್ತಿ ಬಿಚ್ಚುವಾಗ ಅವಳು ನಕ್ಷೆ ಬರೆಯುವ ತನ್ನ ಓರೆ ಮೇಜಿನ ಹಿಂದೆಯೇ ಉಣ್ಣುತ್ತಿದ್ದಳು. ಮೊದಲ ವರ್ಷ ಯಾರಾದರೂ ಕರೆದಾರು ಎಂದು ಸ್ವಲ್ಪ ತಡವಾಗಿ ಡಬ್ಬಿ ತೆರೆಯುತ್ತಿದ್ದಳು. ಆಮೇಲೆ ಆ ಅಭ್ಯಾಸ ಬಿಟ್ಟಳು. ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ, ತಿಂಗಳಿಗೊಮ್ಮೆ ಪ್ಯಾಸೆಂಜರ್ ಗಾಡಿಯಲ್ಲಿ ಸೇಡಂ. ತಂದೆತಾಯಿ ತೀರಿಕೊಂಡ ಮೇಲೆ ಅದೂ ನಿಂತಿತು.

೨೦೦೩ರಲ್ಲಿ ಕಚೇರಿಗೆ ಕಂಪ್ಯೂಟರ್ ಬಂತು. ವಾಡಿ ಕಡೆಯಿಂದ ಬರುವ ಸಿಮೆಂಟಿನ ಧೂಳು ಕೂತೀತೆಂದು ಅದಕ್ಕೆ ಹೂವಿನ ಬಟ್ಟೆ ಹೊದಿಸಿ ಹಿಂದಿನ ಕೋಣೆಯಲ್ಲಿ ಇಟ್ಟರು, ಯಾರೂ ಮುಟ್ಟಲಿಲ್ಲ. ಪದ್ಮಜಾ ಎಂಟು ತಿಂಗಳು ಪ್ರತಿ ರವಿವಾರ ಗುಲಬರ್ಗಾಕ್ಕೆ ಹೋಗಿ ಅದರಲ್ಲಿ ನಕ್ಷೆ ಬರೆಯುವುದನ್ನು ಕಲಿತು ಬಂದಳು. ಆಗ ಅವಳಿಗೆ ಮೂವತ್ತಾರು. ತನ್ನ ಜೊತೆ ಕಲಿಯುವ ಹುಡುಗ ಹುಡುಗಿಯರು 'ಆಂಟಿ' ಎಂದು ಕರೆದಾಗ ಅವಳಿಗೆ ನಗು ಬಂದಿತ್ತು. ಕೊನೆಯ ತಿಂಗಳಲ್ಲಿ ಹಾಳೆಯ ಮೇಲಿನ ಗೆರೆಗಳನ್ನು ಎಬ್ಬಿಸಿ ನಿಲ್ಲಿಸುವುದನ್ನು ತೋರಿಸಿದರು. ಕಂಬಕ್ಕೆ ಎತ್ತರ ಬರುತ್ತಿತ್ತು, ಗೋಡೆಗೆ ದಪ್ಪ ಬರುತ್ತಿತ್ತು. ಕಟ್ಟಡವನ್ನು ಕೈಯಲ್ಲಿ ಹಿಡಿದಂತೆ ಸುತ್ತಲೂ ತಿರುಗಿಸಿ ನೋಡಬಹುದಿತ್ತು. ಆ ದಿನ ವಾಪಸು ಬರುವಾಗ ಅವಳಿಗೆ ಶಹಾಬಾದ್ ದಾಟಿದ್ದೇ ಗೊತ್ತಾಗಲಿಲ್ಲ.

೨೦೦೫ರಲ್ಲಿ ದಂಡೋತಿಯ ಕಡೆ, ಕಾಗಿಣಾ ನದಿಗೆ ಸೇರುವ ಹಳ್ಳವೊಂದಕ್ಕೆ ಹೊಸ ಸೇತುವೆ ಮಂಜೂರಾಯಿತು. ರಸ್ತೆ ಅಲ್ಲಿ ಹಳ್ಳವನ್ನು ನೇರವಾಗಿ ಅಲ್ಲ, ಓರೆಯಾಗಿ ದಾಟುತ್ತಿತ್ತು. ಹೊರಗಿನ ಒಂದು ಖಾಸಗಿ ಸಂಸ್ಥೆ ವಿನ್ಯಾಸ ಮಾಡಿ ನಕ್ಷೆ ಕಳಿಸಿತು: ಕಂಬಗಳಿಗೆ ಮತ್ತು ಎರಡು ದಡಗಳಲ್ಲಿ ಸೇತುವೆಯ ತುದಿ ಹೊರುವ ದಂಡೆಗೋಡೆಗಳಿಗೆ ಒಂದು ಹಾಳೆ, ಮೇಲೆ ಕೂರುವ ತೊಲೆಗಳಿಗೆ ಇನ್ನೊಂದು. ಪದ್ಮಜಾಳ ಕೆಲಸ ಅವುಗಳ ಪ್ರತಿ ತೆಗೆದು ಕಳಿಸುವುದಷ್ಟೇ. ಆದರೆ ಯಾರೂ ಹೇಳದಿದ್ದರೂ ಅವಳು ಆ ಸೇತುವೆಯನ್ನು ಹಿಂದಿನ ಕೋಣೆಯಲ್ಲಿ, ಕಂಪ್ಯೂಟರಿನೊಳಗೆ ಕಟ್ಟತೊಡಗಿದಳು. ಒಂದೊಂದೇ ಕಂಬ, ಒಂದೊಂದೇ ತೊಲೆ, ಒಳಗಿನ ಕಬ್ಬಿಣದ ಸಲಾಕೆಗಳ ಸಮೇತ. ಎರಡೂವರೆ ತಿಂಗಳು ಹಿಡಿಯಿತು.

ಕೊನೆಗೆ ತೊಲೆಗಳನ್ನು ದಂಡೆಗೋಡೆಯ ಮೇಲಿಟ್ಟಾಗ ಅವು ಕೂರಲಿಲ್ಲ. ಒಂದು ಅಂಚಿನ ತೊಲೆ ಗೋಡೆಯೊಳಗೆ ಹೊಕ್ಕಿತ್ತು. ಇನ್ನೊಂದು ಅಂಚಿನದು ಗೋಡೆಗೆ ತಾಗದೆ ಗಾಳಿಯಲ್ಲಿ ನಿಂತಿತ್ತು. ತನ್ನದೇ ತಪ್ಪೆಂದು ಅವಳು ತೊಲೆಗಳನ್ನು ಅಳಿಸಿ ಮತ್ತೆ ಕೂರಿಸಿದಳು. ಮೂರು ಸಲ ಅದೇ ಆಯಿತು. ನಾಲ್ಕನೆಯ ದಿನ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಹಾಸಿ ಉತ್ತರ ದಿಕ್ಕಿನ ಬಾಣ ನೋಡಿದಳು. ತೊಲೆಯ ಹಾಳೆಯಲ್ಲಿ ಓರೆ ಎಡಕ್ಕೆ ವಾಲಿತ್ತು. ಗೋಡೆಯ ಹಾಳೆಯಲ್ಲಿ ಬಲಕ್ಕೆ. ಬೇರೆ ಬೇರೆ ನೋಡಿದರೆ ಎರಡೂ ಸರಿಯೆನಿಸುತ್ತಿದ್ದವು.

ಕಚೇರಿಯ ಇಂಜಿನಿಯರ್ ಸಂತೋಷಕುಮಾರ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಅವಳು ಕರೆದು ತೋರಿಸಿದಾಗ ಪರದೆಯನ್ನು ದೂರದಿಂದಲೇ ನೋಡಿ ನಕ್ಕ. "ಮೇಡಂ, ಇದು ಗೇಮ್ ಇದ್ದಂಗದ. ದೊಡ್ಡ ದೊಡ್ಡ ಇಂಜಿನಿಯರ್ ಸಹಿ ಮಾಡಿ ಕಳಿಸ್ಯಾರ. ಸೋಮವಾರ ಕಾಂಕ್ರೀಟ್ ಅದ. ಈಗ ಹಿಂಗ ಹೇಳಾಕತ್ರ ಹ್ಯಾಂಗ್ರಿ?"

"ಒಮ್ಮೆ ಹಾಳಿ ನೋಡ್ರಿ ಸಾಹೇಬ್ರ. ನಾ ತಪ್ಪಿದ್ರ ಬಯ್ರಿ," ಎಂದಳು ಪದ್ಮಜಾ. ಅವನಾಗಲೇ ಜೀಪು ಹತ್ತಲು ಹೊರಟಿದ್ದ.

ಶನಿವಾರ ಅವಳು ರಜೆ ಹಾಕಿ, ಟೇಪು ಮತ್ತು ಒಂದು ಉಂಡೆ ಸುತಳಿ ತೆಗೆದುಕೊಂಡು ಬಸ್ಸಿನಲ್ಲಿ ಹಳ್ಳಕ್ಕೆ ಹೋದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವಳು ಕಾಮಗಾರಿಯ ಜಾಗಕ್ಕೆ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿ ಗೋಡೆಯ ಪಾಯಕ್ಕೆ ಸಲಾಕೆ ಕಟ್ಟುತ್ತಿದ್ದ ಮಿಸ್ತ್ರಿ ಅಬ್ದುಲ್ ಗನಿ, ಐವತ್ತು ದಾಟಿದ ಶಹಾಬಾದಿನ ಮನುಷ್ಯ, ಎದ್ದು ನಿಂತ. ಅವಳು ಹಾಳೆ ಬಿಚ್ಚಿ ಬಂದ ವಿಷಯ ಹೇಳಿದಳು. ಗನಿಸಾಬ ಹಾಳೆ ನೋಡಲಿಲ್ಲ, ಹಳ್ಳದ ಕಡೆ ನೋಡಿದ.

"ಬಾಯಾರೆ, ನನಗ ಓದಾಕ ಬರಂಗಿಲ್ಲ. ಖರೇ ಗೂಟ ಬಡಿದ ದಿನದಿಂದ ಮನಸಿಗಿ ಬರವಲ್ದು. ನೀರು ಈ ಕಡಿ ಹರೀತದ, ಗೋಡಿ ಆ ಕಡಿ ಮಾರಿ ಮಾಡ್ಯಾದ. ನಕಾಶೆ ಹಂಗದ ಅಂದ್ರು, ಸುಮ್ಮನಾದೆ."

ಇಬ್ಬರೂ ಸೇರಿ ಸುತಳಿ ಕಟ್ಟಿದರು. ರಸ್ತೆಯ ನಡುಗೆರೆಗೆ ಒಂದು, ಗೋಡೆಯ ಗೂಟಗಳಿಗೆ ಒಂದು, ಮರಳಿನಲ್ಲಿ ನೀರು ಹರಿದ ಗುರುತಿಗೆ ಇನ್ನೊಂದು. ಹರಿವಿನ ಗುಂಟ ಇರಬೇಕಾದ ಗೋಡೆಯ ಸುತಳಿ ಅದಕ್ಕೆ ಅಡ್ಡವಾಗಿ ನಿಂತದ್ದು ಬರಿಗಣ್ಣಿಗೆ ಕಂಡಿತು.

"ಸೋಮವಾರ ಕಾಂಕ್ರೀಟ್ ಹಾಕ್ತಾರಲ್ರಿ?" ಎಂದಳು ಪದ್ಮಜಾ.

"ಹ್ಯಾಂಗ ಹಾಕ್ತಾರ? ಸಲಾಕಿ ಕಟ್ಟೋದೇ ಮುಗಿದಿಲ್ಲ," ಎಂದ ಗನಿಸಾಬ, ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟು.

ಸೋಮವಾರ ಕೆಲಸ ನಿಂತದ್ದು ಕೇಳಿ ಸಂತೋಷಕುಮಾರ ಸಿಟ್ಟಿನಿಂದ ಬಂದ. ಸುತಳಿಗಳ ಉದ್ದಕ್ಕೂ ಎರಡು ಸಲ ನಡೆದ. ಆಮೇಲೆ ಜಲ್ಲಿಯ ಗುಡ್ಡೆಯ ಮೇಲೆ ಕೂತುಬಿಟ್ಟ.

ಮೂರು ವಾರಕ್ಕೆ ಆ ಸಂಸ್ಥೆಯಿಂದ ತಿದ್ದಿದ ನಕ್ಷೆ ಬಂತು. ಅದರ ಮೂಲೆಯಲ್ಲಿ 'ಪರಿಶೀಲಿಸಿದವರು' ಎಂಬಲ್ಲಿ ಮೂರು ಸಹಿಗಳಿದ್ದವು. ಪದ್ಮಜಾಳ ಹೆಸರು ಎಲ್ಲೂ ಇರಲಿಲ್ಲ. ಸಂತೋಷಕುಮಾರ ಅವಳ ಮೇಜಿನ ಹತ್ತಿರ ಬಂದು, "ಮ್ಯಾಲಿನವ್ರಿಗೆ ನಿಮ್ಮ ಹೆಸರು ನಾ ಹೇಳ್ಲಿಲ್ರಿ ಮೇಡಂ. ಹೇಳಿದ್ರ, ನೀ ಯಾಕ ಮೊದ್ಲ ನೋಡ್ಲಿಲ್ಲ ಅಂತ ನನ್ನನ್ನೇ ಕೇಳ್ತಿದ್ರು," ಎಂದ. ಅವನ ಮುಖ ಸಣ್ಣದಾಗಿತ್ತು. "ಇರ್ಲಿ ಬಿಡ್ರಿ," ಎಂದಳು. ಅವನು ಹೋದ ಮೇಲೆ ಬಹಳ ಹೊತ್ತು ಅವಳಿಂದ ಒಂದು ಗೆರೆಯನ್ನೂ ಎಳೆಯಲಾಗಲಿಲ್ಲ.

ಒಂದು ಶುಕ್ರವಾರ ಗನಿಸಾಬ ಒಗೆದ ಪೈಜಾಮ ಹಾಕಿಕೊಂಡು ಕಚೇರಿಗೆ ಬಂದ. "ನೀವು ಕಟ್ಟಿದ ಪೂಲು ತೋರಸ್ರಿ," ಎಂದ. ಅವಳು ಸ್ಟೂಲು ಹಾಕಿ ಕೂರಿಸಿ, ಸೇತುವೆಯನ್ನು ಮೆಲ್ಲಗೆ ತಿರುಗಿಸಿದಳು. ಕಾಂಕ್ರೀಟನ್ನು ಮರೆಮಾಡಿದಳು. ಪರದೆಯ ಮೇಲೆ ಬರೀ ಸಲಾಕೆಗಳು ನಿಂತವು.

ಗನಿಸಾಬ ಮುಂದಕ್ಕೆ ಬಾಗಿದ. "ಯಾ ಅಲ್ಲಾ! ಮೂವತ್ತು ವರ್ಷ ಸಲಾಕಿ ಕಟ್ಟೀನಿ. ಕಾಂಕ್ರೀಟ್ ಬಿದ್ದ ಮ್ಯಾಲ ನಾ ಮಾಡಿದ್ದು ಯಾರಿಗೂ ಕಾಣಂಗಿಲ್ಲ." ಪರದೆಯ ಒಂದು ಕಡೆ ಬೆರಳು ತೋರಿಸಿದ. "ಇಲ್ಲಿ ಭಾಳ ಒತ್ತೊತ್ತಾಗಿ ಅವ. ಜಲ್ಲಿ ಇಳಿಯಂಗಿಲ್ಲ."

ಅವನು ಹೇಳಿದ್ದು ನಿಜವಾಗಿತ್ತು. ಅವಳು ಅಲ್ಲೇ ಗುರುತು ಹಾಕಿಕೊಂಡಳು. ಆಮೇಲೆ ಚಹಾ ತರಿಸಿ, ಯೋಚಿಸದೆ ತಾನೇ ಕಪ್ಪಿನಿಂದ ಬಸಿಗೆ ಸುರಿದು ಅವನತ್ತ ಚಾಚಿದಳು. ಚಾಚಿದ ಮೇಲೆ ತನ್ನ ಕೈ ನೆನಪಾಯಿತು. ಗನಿಸಾಬ ಬಸಿ ತೆಗೆದುಕೊಂಡು ಪರದೆ ನೋಡುತ್ತಲೇ ಕುಡಿದ.

ಅವನು ಇನ್ನೂ ನಾಲ್ಕು ಶುಕ್ರವಾರ ಬಂದ. ಸಲಾಕೆಯ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಆದರೂ ಹಿರಿಯ ಗುಮಾಸ್ತರೊಬ್ಬರು ವರಾಂಡದಲ್ಲಿ, ಇಬ್ಬರಿಗೂ ಕೇಳುವಂತೆ ಅವರ ಬಗ್ಗೆ ಹಗುರವಾಗಿ ಏನೋ ಅಂದರು. ಮುಂದಿನ ಶುಕ್ರವಾರ ಗನಿಸಾಬ ಬರಲಿಲ್ಲ. ಪದ್ಮಜಾ ಸ್ಟೂಲನ್ನು ತಿಂಗಳುಗಟ್ಟಲೆ ಅಲ್ಲೇ ಬಿಟ್ಟಿದ್ದಳು. ಸೇತುವೆ ಮುಗಿದ ಮೇಲೆ ಗುತ್ತಿಗೆದಾರನ ಜನ ಬೀದರ್ ಕಡೆ ಹೋದರು, ಅವನೂ ಹೋದ. ಹೋಗುವ ಮುಂಚೆ ಬಂದು ಹೇಳಲಿಲ್ಲ. ಅದು ತನ್ನ ಮರ್ಯಾದೆಗಾಗಿಯೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ನೋವಾಯಿತು.

೨೦೦೮ರಲ್ಲಿ ಅವಳು ತಾನೇ ಕೇಳಿಕೊಂಡು ಚಿಂಚೋಳಿಗೆ ವರ್ಗವಾದಳು. ಅಲ್ಲಿಗೆ ಒಂದು ದಿನ ಸಂತೋಷಕುಮಾರನ ಫೋನು ಬಂತು. ಅವನಿಗೆ ಬಡ್ತಿಯಾಗಿತ್ತು. "ಮೇಡಂ, ಸುಲೇಪೇಟ ಕಡಿ ಒಂದು ಸೇತುವೆ ಅದ. ನಕ್ಷಾ ನಿಮಗ ಕಳಿಸ್ಲಿಕತ್ತೀನಿ. ನೀವು ಕಟ್ಟಿ ನೋಡಿ ಹೂಂ ಅಂದ ಮ್ಯಾಲೇ ಗೂಟಾ ಬಡಸ್ತೀನಿ."

ಅಂದಿನಿಂದ ಅವನು ಯಾವ ಸೇತುವೆಯ ನಕ್ಷೆ ಬಂದರೂ ಮೊದಲು ಅವಳಿಗೆ ಕಳಿಸಿದ. ಎರಡು ವರ್ಷದಲ್ಲಿ ಅವಳು ಕಂಪ್ಯೂಟರಿನೊಳಗೆ ಆರು ಸೇತುವೆ ಕಟ್ಟಿದಳು. ಎರಡರಲ್ಲಿ ತಪ್ಪು ಸಿಕ್ಕಿತು. ಮಣ್ಣು ಅಗೆಯುವ ಮೊದಲೇ ತಿದ್ದಿದರು. ಕಚೇರಿಯಲ್ಲಿ ಅವಳನ್ನು ಈಗ ಗೌರವದಿಂದ ಕಾಣುತ್ತಿದ್ದರು, ಆದರೆ ಬಾಗಿಲಲ್ಲೇ ನಿಂತು ಮಾತನಾಡಿ ಹೋಗುತ್ತಿದ್ದರು. ಎಲ್ಲ ತೊಲೆಗಳೂ ಸರಿಯಾಗಿ ಕೂತ ದಿನ ಅವಳು ಕೋಣೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ನಡೆದುಹೋಗುತ್ತಿದ್ದಳು. ಯಾರನ್ನೂ ಕಾಯುತ್ತಿರಲಿಲ್ಲ. ನಾಳೆ ಆ ಸೇತುವೆ ದಾಟುವ ಜನ ಹತ್ತಿ ಇಳಿಯುವುದನ್ನು ನೋಡುತ್ತ ಒಂದು ಚಹಾ ಕುಡಿದು, ನಡೆದೇ ವಾಪಸು ಬರುತ್ತಿದ್ದಳು.