ತಂಗಿ ವಂಕಿ ಹಾಕಿಸಿಕೊಂಡ ಬೆಳಿಗ್ಗೆ

ರಾಣೆಬೆನ್ನೂರಿನ ಒಂದು ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಹೆಂಗಸರ ವಾರ್ಡಿನ ಬಾಗಿಲಿಗೆ ಎಡಭುಜ ಆನಿಸಿ ನಿಂತಿದ್ದೆ. ಎರಡು ವರ್ಷದ ಹಿಂದೆ, ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿಯಲ್ಲಿ, ಒಂದು ಸೋಮವಾರ, ಬೆಳಗಿನ ಹತ್ತರ ಸುಮಾರಿಗೆ. ಒಳಗೆ ಹೋಗದಿರಲು ಕಾರಣವಿತ್ತು. ಮಾರುಕಟ್ಟೆಯಲ್ಲಿ ಕಾಯಿ ಚೀಲ ಸುರುವಿಸುತ್ತಿದ್ದವನು ಫೋನು ಬಂದದ್ದೇ ಬಸ್ಸು ಹತ್ತಿದ್ದೆ. ಅಂಗಿಯ ಘಾಟಿಗೆ ವಾರ್ಡಿನಲ್ಲಿ ಒಬ್ಬರು ಆಗಲೇ ಸೀನಿದ್ದರು. ಬಾಗಿಲಿಂದ ಎರಡನೆಯ ಮಂಚದ ಮೇಲೆ ನನ್ನ ತಂಗಿ ಕುಳಿತಿದ್ದಳು, ಪಕ್ಕದ ಸ್ಟೂಲಿನ ಮೇಲೆ ಅವಳ ಅತ್ತೆ, ಮಂಚದ ಕಾಲಬದಿಗೆ ಗಂಡ. ಅವಳ ಒಂದೊಂದು ಮಾತೂ ನನಗೆ ಕೇಳಿಸುತ್ತಿತ್ತು.

ಅವಳನ್ನು ಮೋಟೆಬೆನ್ನೂರಿಗೆ ಕೊಟ್ಟಿದ್ದೇವೆ. ಮಗಳು ಒಬ್ಬಳು, ಮಗ ಒಬ್ಬ. ಎರಡೂ ಹೊಟ್ಟೆ ಕೊಯ್ದು ಮಾಡಿದ ಹೆರಿಗೆ, ನಡುವೆ ಅಂತರವೂ ಕಡಿಮೆ. ಮಗ ಅಂಬೆಗಾಲಿಡುವಾಗಲೇ ಮತ್ತೆ ಬಸಿರಾದಳು. ಹಳೆಯ ಹೊಲಿಗೆ ತಡೆಯುವುದಿಲ್ಲವೆಂದು ಡಾಕ್ಟರು ಗರ್ಭ ತೆಗೆದರು. ಮುಂದೇನು ಎಂದು ಅವರು ಕೇಳಿದ್ದಕ್ಕೆ ಎರಡೂ ಮನೆಯ ಹಿರಿಯ ಹೆಂಗಸರದು ಒಂದೇ ಉತ್ತರ: ಮುಟ್ಟು ಬರಲಿ, ಆಮೇಲೆ ನೋಡೋಣ. ಮುಟ್ಟು ತಿರುಗಿ ಕಾಣುವ ತನಕ ಬಸಿರು ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ತಂಗಿ ತವರಿನಲ್ಲಿ ಕೆಲವು ದಿನ ಇದ್ದು ಹೋದಳು. ಎಲ್ಲರೂ ಮುಟ್ಟಿಗೆ ಕಾದೆವು. ಅದು ಬರಲೇ ಇಲ್ಲ, ಅವಳು ಮತ್ತೆ ಬಸಿರಾಗಿದ್ದಳು. ಹೀಗೇ ಆಗುತ್ತಿದ್ದರೆ ಒಂದು ದಿನ ಜೀವಕ್ಕೇ ಬರುತ್ತದೆ ಎಂದಿದ್ದರಂತೆ ಡಾಕ್ಟರು.

"ಇದನ್ನ ತೆಗೆದ ಮ್ಯಾಲ ಮುಂದಿಂದು ಏನ್ ವಿಚಾರ ಮಾಡಿರವ್ವಾ?" ಎಂದರು ಡಾಕ್ಟರಮ್ಮ.

ಉತ್ತರ ಕೊಟ್ಟವರು ತಂಗಿಯ ಅತ್ತೆ. "ಮುಟ್ಟ ಬರ್ಲಿ ತಡೀರಿ. ಹಸಿ ಮೈ ಐತಿ."

"ಹೋದ ಸಲಾನೂ ಹಂಗ ಅಂದ್ರಿ ಅತ್ತಿ," ಎಂದಳು ತಂಗಿ. "ಮುಟ್ಟಿನ ದಾರಿ ಕಾಯ್ಕೋಂತ ಕುಂತೆ. ಬಂದಿದ್ದು ಇದು."

ಗರ್ಭ ತೆಗೆದ ಎರಡೇ ವಾರಕ್ಕೆ ಮತ್ತೆ ಬಸಿರು ನಿಲ್ಲಬಹುದು, ಅದು ಮುಟ್ಟಿಗೆ ಕಾಯುವುದಿಲ್ಲ ಎಂದರು ಡಾಕ್ಟರಮ್ಮ. ಗುಳಿಗೆ, ಇಂಜೆಕ್ಷನ್, ವಂಕಿ, ಆಪರೇಷನ್ ಎಲ್ಲವನ್ನೂ ವಿವರಿಸಿದರು. ಆಪರೇಷನ್ ಗಂಡನಿಗೂ ಆಗುತ್ತದೆ ಎಂದರು. ಯಾವುದೂ ಬೇಡವೆಂದರೆ ಒತ್ತಾಯವಿಲ್ಲ ಎಂದೂ ಹೇಳಿದರು.

"ವಂಕಿ ಹಾಕಿಬಿಡ್ರಿ. ಇವತ್ತ, ಇದರ ಜೋಡೀನ," ಎಂದಳು ತಂಗಿ.

ಗರ್ಭಕೋಶದೊಳಗೆ ಇಡುವ ಕಾಪರ್-ಟಿಗೆ ನಮ್ಮಲ್ಲಿ ವಂಕಿ ಎನ್ನುತ್ತಾರೆ. ಅತ್ತೆ ಎದ್ದೇ ನಿಂತರು. "ಯವ್ವಾ, ಅದು ಎದಿಗೆ ಏರತೈತಂತ! ಓಣ್ಯಾಗ ಎಲ್ಲಾರೂ ಅಂತಾರ."

"ಓಣ್ಯಾಗಿನವ್ರು ಬಂದು ನನ್ನ ಬದ್ಲಿ ಹೊಟ್ಟಿ ಕೊಯ್ಸಿಕೊಳ್ಳಂಗಿಲ್ರಿ. ಹತ್ತಿ ಹೊಲಾ ಸೈತ ನೀವು ಒಂದ್ ಹಂಗಾಮ ಬೀಳ ಬಿಡ್ತೀರಿ."

ಪಕ್ಕದ ಮಂಚದಾಕೆ ಕಿಸಕ್ಕನೆ ನಕ್ಕಳು. ತಂಗಿ ನಗಲಿಲ್ಲ. ಗಂಡನ ಕಡೆ ತಿರುಗಿ, "ನಿಮಗೇನರ ಅನ್ನೋದಿದ್ರ ಈಗ ಅನ್ರಿ," ಎಂದಳು.

"ಮೈ ನಿಂದು. ನಿನಗ ಯಾವ್ದು ಸರಿ ಅನಸ್ತೈತಿ, ಅದ," ಎಂದ ಅವನು.

ಹಿರಿಯರೆದುರು ನನ್ನ ತಂಗಿ ಎಂದೂ ದನಿ ಎತ್ತಿದವಳಲ್ಲ. ಅಂದೂ ಎತ್ತಲಿಲ್ಲ, ಸಾದಾ ದನಿಯಲ್ಲೇ ತನ್ನ ಮಾತು ನಡೆಸಿಕೊಂಡಳು. ಬಾಗಿಲಲ್ಲಿ ನಿಂತವನಿಗೆ ಆದ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಡಾಕ್ಟರಮ್ಮ ಒಂದು ಪಾಕೀಟು ತರಿಸಿ ವಂಕಿಯನ್ನು ಅತ್ತೆಗೆ ತೋರಿಸಿದರು. ಅದು ಎಲ್ಲಿಗೂ ಏರುವುದಿಲ್ಲ, ಇಟ್ಟಲ್ಲೇ ಇರುತ್ತದೆ, ಬೇಡವೆಂದಾಗ ತೆಗೆಯಬಹುದು ಎಂದರು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

"ಇಷ್ಟೇನ? ಇದು ಎಲ್ಲಿ ಏರತೈತಿ, ಇದರ ಹೆಣ!" ಪಾಕೀಟಿನ ಮೇಲೆ ಬೆರಳಾಡಿಸಿದರು. "ನನಗ ಯಾರೂ ತೋರಿಸಿದ್ದಿಲ್ಲ ನೋಡ್ರಿ. ತೋರಿಸಿದ್ರ ನಾ ಏಳ ಹಡೀತಿದ್ನೇನು?" ಆಮೇಲೆ ಸೊಸೆಯ ಸೆರಗು ಸರಿಮಾಡಿದರು. "ಹೋಗ್ ನನ್ನವ್ವ, ಹಾಕಿಸ್ಕೊ."

ಮೊದಲ ತಿಂಗಳುಗಳಲ್ಲಿ ರಕ್ತ ಹೆಚ್ಚು ಹೋಯಿತು. ತಂಗಿ ತಾನೇ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡಳು, ಆಮೇಲೆ ಸರಿಹೋಯಿತು. ಮತ್ತೆ ಬಸಿರಾಗಲಿಲ್ಲ.

ಇದನ್ನು ಕಂಡವನು ನಾನೊಬ್ಬನೇ ಅಲ್ಲ, ಬೇಕಾದವರು ಉಳಿದವರನ್ನೂ ಕೇಳಬಹುದು. ಡಾಕ್ಟರಮ್ಮ ಈಗ ಹಾವೇರಿಯಲ್ಲಿದ್ದಾರೆ. ಪಕ್ಕದ ಮಂಚದಾಕೆ ಯಾವ ಊರಿನವಳೋ ಗೊತ್ತಿಲ್ಲ, ಆಕೆಯ ಮಾತು ಹೇಳಲಾರೆ. ಅತ್ತೆ ಇದ್ದಾರೆ, ತಂಗಿಯ ಗಂಡ ಇದ್ದಾನೆ. ತಂಗಿ ಇದ್ದಾಳೆ.